ಹಾರ್ಡ್ ಡಿಸ್ಕ್ ಕೈ ಕೊಟ್ಟಾಗ: ಅಂಗಡಿ, ದುಡ್ಡಿನ ಸಾಫ್ಟ್‌ವೇರ್, ಬೆಂಗಳೂರಿನ ಲ್ಯಾಬ್, ಡಿಡಿರೆಸ್ಕ್ಯೂ, ನಾಲ್ಕನ್ನೂ ನೋಡಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ನಾನು ಡಿಡಿರೆಸ್ಕ್ಯೂ (ಕೆಡ್ತಿರೋ ಡಿಸ್ಕಿಂದ ಡೇಟಾ ಎತ್ಕೊಳೋ ಒಂದು ಸಾಫ್ಟ್‌ವೇರ್) ಕಡೆಯವನು. ನಾಲ್ಕು ದಾರಿ ನೋಡ್ದೆ, ಎರಡಕ್ಕೆ ದುಡ್ಡು ಕೊಟ್ಟೆ, ಒಂದಕ್ಕೆ ಫೋನ್ ಮಾಡಿ ರೇಟ್ ಕೇಳ್ದೆ, ಕೊನೆಗೆ ಫೈಲುಗಳು ಕೈಗೆ ಸಿಕ್ಕಿದ್ದು ಒಂದು ಪೈಸೆ ಇಲ್ಲದೆ ಸಿಗೋ ಗ್ನೂ ಡಿಡಿರೆಸ್ಕ್ಯೂ ಇಂದ. ಹಾಗಂತ ಎಲ್ರಿಗೂ ಅದೇ ಸರಿ ಅಂತಲ್ಲ, ಯಾವಾಗ ಅದನ್ನ ಮುಟ್ಟಲೇಬಾರದು ಅನ್ನೋದನ್ನೂ ಕೆಳಗೆ ಬರ್ದಿದೀನಿ.

ಲ್ಯಾಪ್‌ಟಾಪ್ ಅಪ್ಪಂದು. ರಿಟೈರ್ ಆದ ಕನ್ನಡ ಮೇಷ್ಟ್ರು, ಗುಬ್ಬಿ ಕಡೆ ನಮ್ಮೂರಿನ ಕಥೆ, ಕೆರೆ, ದೇವಸ್ಥಾನ, ಯಾವ ಮನೆತನ ಎಲ್ಲಿಂದ ಬಂತು, ಜಾತ್ರೆಲಿ ಯಾರು ಯಾವ ಸೇವೆ ಮಾಡ್ತಿದ್ರು, ಇದನ್ನೆಲ್ಲ ಹಿರಿಯರ ಹತ್ರ ಕೇಳಿ ಕೇಳಿ ಐದು ವರ್ಷದಿಂದ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ತಿದ್ರು. ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ. ಬ್ಯಾಕಪ್ ಇರಲಿಲ್ಲ. ಒಂದು ಪೆನ್‌ಡ್ರೈವಲ್ಲಿ ಮೂರು ವರ್ಷದ ಹಿಂದಿನ ಕಾಪಿ ಇತ್ತು, ಅಷ್ಟೆ. ಎರಡು ತಿಂಗಳಿಂದ ಲ್ಯಾಪ್‌ಟಾಪ್ ಆನ್ ಆಗೋಕೆ ಹತ್ತು ಹದಿನೈದು ನಿಮಿಷ ತಗೋತಿತ್ತು, ಹಳೇದಾಯ್ತು ಬಿಡಪ್ಪ ಅಂತ ಅಪ್ಪ ಸುಮ್ನಿದ್ರು, ಒಂದಿನ ಬೆಳಿಗ್ಗೆ ಕಪ್ಪು ಸ್ಕ್ರೀನ್ ಮೇಲೆ ಬೂಟ್ ಡಿವೈಸ್ ಸಿಗ್ತಿಲ್ಲ ಅಂತ ಬಂತು. ಆ ಎರಡು ತಿಂಗಳಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ಒಂದ್ಸಲ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಕೊಳೋ ಲೆಕ್ಕ) ನೋಡಿದ್ರೆ ಗೊತ್ತಾಗಿರೋದು. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟಿದ್ದಕ್ಕೆ ಬದಲಿ ಕೊಟ್ಟ ಜಾಗಗಳು), ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಕ್ಕಾಗದೆ ಬಾಕಿ ಉಳಿದ ಜಾಗಗಳು), ಈ ಎರಡು ಸಾಲಲ್ಲಿ ಸೊನ್ನೆ ಬಿಟ್ಟು ಬೇರೆ ನಂಬರ್ ಕಂಡು ಅದು ಏರ್ತಾ ಹೋಗ್ತಿದೆ ಅಂದ್ರೆ ಅವತ್ತೇ ಕಾಪಿ ತಗೊಂಡ್ಬಿಡ್ಬೇಕು.

ಅಂಗಡಿ

ತುಮಕೂರಲ್ಲಿ ನಾನು ಮೊದಲು ಹೋಗಿದ್ದು ಒಂದು ಸರ್ವಿಸ್ ಅಂಗಡಿಗೆ, ಹೆಸರು ಬೇಡ. ಹುಡುಗ ಒಳ್ಳೆಯವನೇ. "ಬಿಟ್ಟೋಗಿ ಸಾರ್, ಎರಡು ದಿನದಲ್ಲಿ ಡೇಟಾ ತೆಗ್ದು ಕೊಡ್ತೀವಿ" ಅಂದ. ಎರಡು ದಿನ ಆದ್ಮೇಲೆ ಹೋದ್ರೆ, ಚೆಕ್‌ಡಿಸ್ಕ್ ಹಾಕಿದೀವಿ ಸಾರ್, ರಾತ್ರಿಯೆಲ್ಲ ಓಡಿದೆ, ಆದ್ರೂ ವಿಂಡೋಸ್ ಬರ್ತಿಲ್ಲ, ಫಾರ್ಮ್ಯಾಟ್ ಮಾಡಿ ಕೊಡ್ಲಾ ಅಂತ ಕೇಳ್ದ. ಬೇಡ ಅಂತ 800 ರೂಪಾಯಿ ಕೊಟ್ಟು ವಾಪಸ್ ತಂದೆ.

ಈ ಚೆಕ್‌ಡಿಸ್ಕ್ ವಿಷಯ ಎಲ್ಲರಿಗೂ ಗೊತ್ತಿರ್ಬೇಕು ಅನ್ಸುತ್ತೆ ನಂಗೆ. ಅದು ವಿಂಡೋಸ್ ಜೊತೆಗೇ ಬರುತ್ತೆ, ಫೈಲ್ ಸಿಸ್ಟಮನ್ನ (ಯಾವ ಫೈಲ್ ಡಿಸ್ಕಲ್ಲಿ ಎಲ್ಲಿದೆ ಅನ್ನೋ ಲೆಕ್ಕ) ಸರಿ ಮಾಡೋ ಸಾಧನ, ನಿಮ್ಮ ಫೈಲ್ ಉಳಿಸೋ ಸಾಧನ ಅಲ್ಲ. ಸಾಯ್ತಿರೋ ಡಿಸ್ಕ್ ಮೇಲೆ ಓಡಿಸಿದ್ರೆ ಹಾಳಾದ ಜಾಗನೇ ಮತ್ತೆ ಮತ್ತೆ ಓದುತ್ತೆ, ಅದ್ರ ಜೊತೆಗೆ ಅದೇ ಡಿಸ್ಕ್ ಮೇಲೆ ಬರೆಯುತ್ತೆ ಕೂಡ. ಯಾವುದೋ ಫೋಲ್ಡರ್‌ನ ದಾಖಲೆ ಓದಕ್ಕಾಗ್ಲಿಲ್ಲ ಅಂದ್ರೆ ಅದರೊಳಗಿನ ಫೈಲುಗಳನ್ನ ಹೆಸರು ಕಿತ್ತು ಫೌಂಡ್ ಸೊನ್ನೆ ಸೊನ್ನೆ ಸೊನ್ನೆ ಅಂತ ಫೋಲ್ಡರ್ ಮಾಡಿ ಅಲ್ಲಿ ತುಂಬುತ್ತೆ. ಅಪ್ಪನ ಪುಸ್ತಕದ ಒಂದು ಫೋಲ್ಡರ್ ಹಾಗೇ ಆಯ್ತು. ಅದರಿಂದ ಆದ ತೊಂದ್ರೆ ಮುಂದೆ ಹೇಳ್ತೀನಿ. ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಮಾತ್ರ ಹಾಳಾಗಿದ್ರೆ ಅಂಗಡಿ ಸಾಕು. ಡಿಸ್ಕೇ ಹೋಗಿದ್ರೆ, "ಮೊದ್ಲು ಇಮೇಜ್ ತೆಗೀತೀರಾ?" ಅಂತ, ಅಂದ್ರೆ ಇಡೀ ಡಿಸ್ಕಿನ ಪಡಿಯಚ್ಚು ಕಾಪಿ ಮೊದ್ಲು ತಗೋತೀರಾ ಅಂತ ಕೇಳಿ. ಇಮೇಜ್ ಅಂದ್ರೇನು ಅಂತ ಅವರೇ ವಾಪಸ್ ಕೇಳಿದ್ರೆ ಎದ್ದು ಬನ್ನಿ.

ದುಡ್ಡಿನ ಸಾಫ್ಟ್‌ವೇರ್

ಆಮೇಲೆ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ವರ್ಷಕ್ಕೆ ಇಷ್ಟು ಅಂತ ತಗೊಳೋ ಒಂದು ರಿಕವರಿ ಸಾಫ್ಟ್‌ವೇರ್ ಓಡಿಸ್ದೆ. ಶೇಕಡ 3ಕ್ಕೆ ಬಂದು ನಿಂತ್ಕೊಂಡ್ತು, ಇನ್ನೂ 400 ಗಂಟೆ ಬೇಕು ಅಂತ ತೋರಿಸ್ತು. ಅಷ್ಟರಲ್ಲಿ ಒಂದಷ್ಟು ಫೋಟೋ ಪ್ರಿವ್ಯೂ ಕಾಣಿಸ್ತು, ಅಜ್ಜಿ ಫೋಟೋ ಕಂಡ ತಕ್ಷಣ ಮನಸ್ಸು ತಡೀಲಿಲ್ಲ, 5,000ದ ಹತ್ತಿರ ದುಡ್ಡು ಕಟ್ದೆ. ಸೇವ್ ಮಾಡೋಕೆ ಹೋದ್ರೆ ಅರ್ಧ ಫೋಟೋ ಕೆಳಗಿನ ಭಾಗ ಬೂದು ಬಣ್ಣ.

ಸಾಫ್ಟ್‌ವೇರ್‌ದೊಂದೇ ತಪ್ಪು ಅಂತ ಹೇಳಲ್ಲ. ಆಮೇಲೆ ಇಮೇಜ್ ತೆಗ್ದು ಅದೇ ಸಾಫ್ಟ್‌ವೇರನ್ನ ಇಮೇಜ್ ಮೇಲೆ ಓಡಿಸ್ದೆ, ಒಂದು ಗಂಟೆ ಒಳಗೆ ಫೋಲ್ಡರ್‌ಗಳೆಲ್ಲ ನೀಟಾಗಿ ತೋರಿಸ್ತು. ಆದ್ರೆ ಇಮೇಜ್ ಸಿಕ್ಕಿದ್ಮೇಲೆ ಆ ಕೆಲಸಕ್ಕೆ ಉಚಿತದ ರಿಕವರಿ ಸಾಫ್ಟ್‌ವೇರ್ ಟೆಸ್ಟ್‌ಡಿಸ್ಕೇ ಇದೆ. ರೆಕುವಾ ತರದ ಸಾಫ್ಟ್‌ವೇರ್ ಅಕಸ್ಮಾತ್ ಡಿಲೀಟ್ ಆದ ಫೈಲಿಗೆ ಸರಿ, ಓದಕ್ಕೇ ಆಗದ ಡಿಸ್ಕಿಗೆ ಅಲ್ಲ.

ಬೆಂಗಳೂರಿನ ಲ್ಯಾಬ್

ಫೋನ್ ಮಾಡಿದ್ದು ಮಾತ್ರ, ಕೊಟ್ಟಿಲ್ಲ. ಆ ಕಡೆಯವರು ಕೇಳಿದ ಮೊದಲ ಪ್ರಶ್ನೆ "ಕಟ ಕಟ ಅಂತ ಶಬ್ದ ಬರ್ತಿದ್ಯಾ?" ಅಂತ. ಇಲ್ಲ, ಸುಮ್ನೆ ತಿರುಗೋ ಶಬ್ದ ಅಂದೆ. ಹಾಗಿದ್ರೆ ಹೆಡ್ (ಡಿಸ್ಕನ್ನ ಓದೋ ಭಾಗ) ಸರಿ ಇರ್ಬೋದು, ಬ್ಯಾಡ್ ಸೆಕ್ಟರ್ (ಓದಕ್ಕಾಗದ ಹಾಳಾದ ಜಾಗ) ಇರ್ಬೇಕು, ಶಬ್ದ ಬಂದಿದ್ರೆ ಇನ್ನೊಂದ್ಸಲ ಕರೆಂಟ್ ಕೊಡ್ಬೇಡಿ ಅಂತ ಹೇಳ್ತಿದ್ದೆ ಅಂದ್ರು. ರೇಟು 15ರಿಂದ 25 ಸಾವಿರ, ನೋಡಿದ ಮೇಲೆ ಖಚಿತವಾಗಿ ಹೇಳ್ತೀವಿ, ಡೇಟಾ ಬರ್ಲಿಲ್ಲ ಅಂದ್ರೆ ದುಡ್ಡು ಬೇಡ ಅಂದ್ರು. ಪ್ರಾಮಾಣಿಕವಾಗಿ ಮಾತಾಡಿದ್ರು, ಅದಕ್ಕೆ ಗೌರವ ಇದೆ.

ಹೆಡ್ ಹೋಗಿದ್ರೆ ಲ್ಯಾಬ್ ಬಿಟ್ಟು ಬೇರೆ ದಾರಿನೇ ಇಲ್ಲ. ಹೆಡ್ಡು ಪ್ಲ್ಯಾಟರ್ (ಒಳಗೆ ತಿರುಗೋ ತಟ್ಟೆ) ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರ್ತಿರುತ್ತೆ, ನಮ್ಮ ಮನೆ ಧೂಳಿನ ಒಂದು ಕಣ ಅದಕ್ಕೆ ಬಂಡೆ ಇದ್ದಂಗೆ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕಿಂದ ಹೆಡ್ ತೆಗ್ದು ಧೂಳಿಲ್ಲದ ಜಾಗದಲ್ಲಿ ಕೂರಿಸ್ಬೇಕು. ಕಟ ಕಟ ಶಬ್ದ ಬರೋ ಡಿಸ್ಕ್ ಇದ್ರೆ ಈ ಬರಹದ ಉಳಿದ ಭಾಗ ನಿಮಗಲ್ಲ, ಆಫ್ ಮಾಡಿ, ಬಟ್ಟೆಲಿ ಸುತ್ತಿ, ಬೆಂಗಳೂರು ಬಸ್ ಹತ್ತಿ.

ಡಿಡಿರೆಸ್ಕ್ಯೂ

ಇದು ಅಂತೋನಿಯೋ ದಿಯಾಜ್ ದಿಯಾಜ್ ಅನ್ನೋರು ಬರೆದಿದ್ದು. ಬುದ್ಧಿವಂತಿಕೆ ಏನಂದ್ರೆ, ಸಲೀಸಾಗಿ ಓದಕ್ಕಾಗೋ ಜಾಗನೆಲ್ಲ ಮೊದ್ಲು ಎತ್ಕೊಳುತ್ತೆ, ತಡವರಿಸಿದ ಕಡೆ ನಿಲ್ಲದೆ ಹಾರಿ ಮುಂದೆ ಹೋಗುತ್ತೆ, ಡಿಸ್ಕ್ ಯಾವ ಕ್ಷಣ ಸಾಯುತ್ತೋ ಗೊತ್ತಿಲ್ಲ ಅಂತ ತಿಳ್ಕೊಂಡೇ ಕೆಲಸ ಮಾಡುತ್ತೆ. ಆಮೇಲೆ ವಾಪಸ್ ಬಂದು ಬಿಟ್ಟಿದ್ದನ್ನ ಸ್ವಲ್ಪ ಸ್ವಲ್ಪ ಕೆರೆಯುತ್ತೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅನ್ನೋದನ್ನ ಮ್ಯಾಪ್‌ಫೈಲ್ ಅಂತ ಒಂದು ಸಣ್ಣ ಫೈಲಲ್ಲಿ ಬರ್ಕೊಳುತ್ತೆ, ಹಾಗಾಗಿ ಮಧ್ಯ ನಿಲ್ಸಿ ನಾಳೆ ಅಲ್ಲಿಂದಲೇ ಶುರು ಮಾಡ್ಬೋದು.

ನನ್ನ ಭಾವಮೈದಂದು ಅಶೋಕ ರಸ್ತೆ ಹತ್ರ ಒಂದು ಡಿಟಿಪಿ ಅಂಗಡಿ. ಯುಎಸ್‌ಬಿ ಅಡಾಪ್ಟರಲ್ಲಿ ಬ್ಯಾಡ್ ಸೆಕ್ಟರ್ ಸಿಕ್ಕಾಗೆಲ್ಲ ಡಿಸ್ಕ್ ಮಾಯ ಆಗ್ತಿತ್ತು, "ಭಾವ, ನಮ್ಮ ಹಳೇ ಡೆಸ್ಕ್‌ಟಾಪ್ ಇದ್ಯಲ್ಲ, ನೇರ ಸಾಟಾ ಕೇಬಲ್‌ಗೆ ಹಾಕಿ" ಅಂದ. ಹಾಕಿದ ಮೇಲೆ ಆ ಕಾಟ ತಪ್ತು. ಪೆನ್‌ಡ್ರೈವಿಂದ ಉಬುಂಟು ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡಿ (ಅದರಲ್ಲಿ ಪ್ಯಾಕೇಜ್ ಹೆಸರು ಮುಂದೆ ಒಂದು ಜಿ ಸೇರಿಸಿ ಜಿಡಿಡಿರೆಸ್ಕ್ಯೂ ಅಂತ ಇರುತ್ತೆ), ಹೊಸ 2 ಟಿಬಿ ಎಕ್ಸ್‌ಟರ್ನಲ್ ಡಿಸ್ಕಿಗೆ ಇಮೇಜ್ ಬರೆಯೋಕೆ ಬಿಟ್ಟೆ. ಮೊದಲ ಸುತ್ತು ಕೆರೆಯೋದು ಬೇಡ ಅಂತ ಮೈನಸ್ ಎನ್ ಹಾಕಿ, ಎರಡನೇ ಸುತ್ತು ಡಿಸ್ಕನ್ನ ನೇರವಾಗಿ ಓದು ಅಂತ ಮೈನಸ್ ಡಿ, ಮೂರು ಸಲ ಮತ್ತೆ ಪ್ರಯತ್ನ ಮಾಡು ಅಂತ ಮೈನಸ್ ಆರ್ ಮೂರು. ಎರಡು ಎಚ್ಚರಿಕೆ. ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಅಂತ ಸೈಜ್ ನೋಡಿ ಮೂರು ಸಲ ಖಚಿತ ಮಾಡ್ಕೊಳಿ, ಉಲ್ಟಾ ಆದ್ರೆ ಎಲ್ಲಾ ಹೋಯ್ತು. ಮ್ಯಾಪ್‌ಫೈಲನ್ನ ಹೊಸ ಡಿಸ್ಕಲ್ಲೇ ಇಡಿ, ಪೆನ್‌ಡ್ರೈವಿಂದ ಓಡೋ ಲೈವ್ ಉಬುಂಟುವಿನ ಹೋಮ್ ಫೋಲ್ಡರ್ ಇರೋದು ರ‍್ಯಾಮಲ್ಲಿ, ಕರೆಂಟ್ ಹೋದ್ರೆ ಅದೂ ಹೋಗುತ್ತೆ. ನಮಗೆ ಮಧ್ಯ ಎರಡು ಸಲ ಕರೆಂಟ್ ಹೋಯ್ತು, ಮ್ಯಾಪ್‌ಫೈಲ್ ಇದ್ದಿದ್ರಿಂದ ಬಚಾವ್.

ಒಟ್ಟು 31 ಗಂಟೆ. ಮೇಲೆ ಒಂದು ಟೇಬಲ್ ಫ್ಯಾನ್ ತಿರುಗ್ತಾ ಇತ್ತು. 1 ಟಿಬಿಯಲ್ಲಿ 46 ಎಂಬಿ ಬಿಟ್ಟು ಉಳಿದದ್ದೆಲ್ಲ ಬಂತು.

ಹೆಸರಿಲ್ಲದ ಫೈಲುಗಳು

ಇಮೇಜನ್ನ ಟೆಸ್ಟ್‌ಡಿಸ್ಕಲ್ಲಿ ತೆರೆದ್ರೆ ಮನೆ ಫೋಟೋಗಳು, ಪಿಂಚಣಿ ಕಾಗದ, ಪಹಣಿ ಸ್ಕ್ಯಾನ್ ಎಲ್ಲ ಹೆಸರು ಸಮೇತ ಸಿಕ್ತು, ಸಿ ಒತ್ತಿ ಕಾಪಿ ಮಾಡ್ಕೊಂಡೆ. ಸಿಗದೇ ಇದ್ದಿದ್ದು ಅಪ್ಪನ ಪುಸ್ತಕದ ಫೋಲ್ಡರ್. ಚೆಕ್‌ಡಿಸ್ಕ್ ಕೆಡಿಸಿದ್ದು ಅದನ್ನೇ. ಸರಿ ಅಂತ ಟೆಸ್ಟ್‌ಡಿಸ್ಕ್ ಜೊತೆಗೇ ಬರೋ ಫೋಟೋರೆಕ್ ಹಾಕ್ದೆ. ಹೆಸರಲ್ಲಿ ಫೋಟೋ ಇದ್ರೂ ಅದು ಎಲ್ಲಾ ತರದ ಫೈಲನ್ನೂ ಎತ್ತುತ್ತೆ, ಫೈಲ್ ಸಿಸ್ಟಮ್ ನೋಡಲ್ಲ, ಫೈಲಿನ ಆರಂಭದ ಗುರುತು ನೋಡಿ ಹೆಕ್ಕುತ್ತೆ. ಹಾಗಾಗಿ ಹೆಸರೂ ಇರಲ್ಲ, ಫೋಲ್ಡರೂ ಇರಲ್ಲ. ಎಫ್ ಅಂತ ಒಂದಕ್ಷರ, ಮುಂದೆ ನಂಬರು. ವರ್ಡ್ ಫೈಲುಗಳೇ ನಾಲ್ಕು ಸಾವಿರದ ಮೇಲೆ ಬಂತು, ಅಪ್ಪ ಮೇಷ್ಟ್ರಾಗಿದ್ದಾಗಿನ ಪ್ರಶ್ನೆಪತ್ರಿಕೆ, ಸಂಘದ ಪತ್ರ, ಯಾರದ್ದೋ ಮದುವೆ ಆಹ್ವಾನ ಎಲ್ಲ ಸೇರಿ.

ಒಳಗಿನ ಪದ ಹುಡುಕಿದ್ರಾಯ್ತು ಅಂತ ಗುಬ್ಬಿ ಅಂತ ಟೈಪ್ ಮಾಡ್ದೆ. ಸೊನ್ನೆ. ಕೆರೆ ಅಂತ ಹಾಕ್ದೆ. ಸೊನ್ನೆ. ಒಂದು ಇಡೀ ಸಂಜೆ ಫೈಲೆಲ್ಲ ಕೆಟ್ಟೋಗಿದೆ ಅಂತಲೇ ಅಂದ್ಕೊಂಡಿದ್ದೆ, ಅಪ್ಪಂಗೂ ಹಾಗೇ ಹೇಳ್ದೆ, ಅವ್ರು ಏನೂ ಮಾತಾಡ್ದೆ ಊಟ ಮಾಡಿ ಮಲಗಿದ್ರು.

ಹೊಳೆಸಿದ್ದು ಭಾವಮೈದ. ಅವನ ದಿನದ ಕೆಲಸವೇ ಅದಲ್ವಾ. ಅಪ್ಪ ಟೈಪ್ ಮಾಡಿದ್ದು ನುಡಿಯ ಹಳೇ ಫಾಂಟಲ್ಲಿ, ಈಗ ಫೋನು, ಕಂಪ್ಯೂಟರ್ ಎಲ್ಲ ಬಳಸೋ ಯೂನಿಕೋಡಲ್ಲಿ ಅಲ್ಲ. ಕಣ್ಣಿಗೆ ಕನ್ನಡ ಕಂಡ್ರೂ ಫೈಲ್ ಒಳಗೆ ಇರೋದು ತಲೆ ಮೇಲೆ ಗೆರೆ, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳು. ನಾನು ಯೂನಿಕೋಡಲ್ಲಿ ಗುಬ್ಬಿ ಅಂತ ಹುಡುಕಿದ್ರೆ ಆ ಫೈಲುಗಳ ಮಟ್ಟಿಗೆ ಅದು ಬೇರೆ ಭಾಷೆ. ಅವನು ನುಡಿಯಲ್ಲಿ ಗುಬ್ಬಿ ಅಂತ ಟೈಪ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡ್ದ, ಅರ್ಥವಾಗದ ನಾಲ್ಕೈದು ಅಕ್ಷರ ಬಂತು. ಅದನ್ನೇ ತಗೊಂಡು ಫೈಲ್ ಒಳಗೆ ಹುಡುಕೋ ಸಾಫ್ಟ್‌ವೇರಿಗೆ ಕೊಟ್ಟಾಗ 212 ಫೈಲ್ ಸಾಲಾಗಿ ನಿಂತ್ಕೊಂಡ್ವು. ಅಂಗಡಿಲೇ ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಒಂದೊಂದೇ ತೆಗ್ದು, ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಇದು ಜಾತ್ರೆ ಅಧ್ಯಾಯ, ಇದು ಅದರದ್ದೇ ಹಳೇ ಪ್ರತಿ, ಅಂತ ಹೆಸರಿಟ್ವಿ. ಹತ್ತು ದಿನ ಸಂಜೆ ಸಂಜೆ ಇದೇ ಕೆಲಸ. ಎಲ್ಲಾ ಸಿಕ್ಕಿದ್ಮೇಲೆ ಕನ್ವರ್ಟರ್ ಹಾಕಿ ಯೂನಿಕೋಡಿಗೆ ಬದಲಾಯಿಸ್ದೆ, ಒತ್ತಕ್ಷರ ಅಲ್ಲಲ್ಲಿ ಎಡವಿತ್ತು, ಅಪ್ಪ ತಿದ್ದಿದ್ರು. ಬರ್ಕೊಂಡಿರೋ ಕನ್ನಡ ಇನ್ನೂ ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲೇ ಇದ್ರೆ ಡಿಸ್ಕ್ ಚೆನ್ನಾಗಿರುವಾಗಲೇ ಬದಲಾಯಿಸ್ಕೊಳಿ, ದಯವಿಟ್ಟು.

ಲ್ಯಾಪ್‌ಟಾಪ್ ವಾಪಸ್ ಎದ್ದಿದ್ದು

ಇಲ್ಲೂ ಎರಡು ದಾರಿ: ಇಮೇಜನ್ನೇ ಹೊಸ ಡಿಸ್ಕಿಗೆ ಇಳಿಸೋದು, ಇಲ್ಲ ಹೊಸದಾಗಿ ವಿಂಡೋಸ್ ಹಾಕೋದು. ಇಮೇಜ್ ಇಳಿಸಿದ್ರೆ ಓದಕ್ಕಾಗದ 46 ಎಂಬಿಯ ತೂತುಗಳೂ ಅದರ ಜೊತೆಗೇ ಬರುತ್ತೆ, ನಾಳೆ ಯಾವ ಸಿಸ್ಟಮ್ ಫೈಲ್ ಕೈ ಕೊಡುತ್ತೋ ಗೊತ್ತಿಲ್ಲ. ನಾನು 500 ಜಿಬಿ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್ ಇರೋ ಡಿಸ್ಕ್) ಹಾಕಿ ಪೆನ್‌ಡ್ರೈವಿಂದ ವಿಂಡೋಸ್ ಹೊಸದಾಗಿ ಹಾಕ್ದೆ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟ್ಕೊಂಡಿರುತ್ತೆ, ನೆಟ್ ಕೊಟ್ಟ ತಕ್ಷಣ ತಾನೇ ಆಕ್ಟಿವೇಟ್ ಆಯ್ತು, ಕೀ ಕೇಳ್ಲಿಲ್ಲ. ಈಗ ಅರ್ಧ ನಿಮಿಷದಲ್ಲಿ ಆನ್ ಆಗುತ್ತೆ. ಒಂದು ಮಾತು ನೆನಪಿರ್ಲಿ, ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದ ಫೈಲು ಟ್ರಿಮ್ (ಡಿಲೀಟ್ ಆದ ಜಾಗ ಖಾಲಿ ಮಾಡ್ಬೋದು ಅಂತ ಎಸ್‌ಎಸ್‌ಡಿಗೆ ತಿಳಿಸೋ ವ್ಯವಸ್ಥೆ) ಇಂದಾಗಿ ಸಾಮಾನ್ಯವಾಗಿ ವಾಪಸ್ ಬರಲ್ಲ, ಫೋಟೋರೆಕ್ ಕೂಡ ಏನೂ ಮಾಡಕ್ಕಾಗಲ್ಲ, ಹಾಗಾಗಿ ಆ 2 ಟಿಬಿ ಡಿಸ್ಕಿಗೆ ಪ್ರತಿ ಭಾನುವಾರ ಕಾಪಿ ಹೋಗುತ್ತೆ.

ನನ್ನ ಲೆಕ್ಕ: 2 ಟಿಬಿ ಡಿಸ್ಕು, ಎಸ್‌ಎಸ್‌ಡಿ ಸೇರಿ 9,000ದ ಆಸುಪಾಸು, ಎರಡೂ ಮನೆಲೇ ಉಳೀತು. ಅಂಗಡಿಗೆ, ಸಾಫ್ಟ್‌ವೇರಿಗೆ ಕೊಟ್ಟ 5,800 ಹೋಯ್ತು. ರಾತ್ರಿ ಕೂತು ಕಪ್ಪು ಸ್ಕ್ರೀನ್ ನೋಡೋ ತಾಳ್ಮೆ ನನಗಿದೆ, ಡೆಸ್ಕ್‌ಟಾಪ್ ಕೊಡೋ ಭಾವಮೈದನೂ ಇದಾನೆ, ಅದಕ್ಕೇ ಡಿಡಿರೆಸ್ಕ್ಯೂ. ಕಮ್ಯಾಂಡ್ ಟೈಪ್ ಮಾಡೋಕೆ ಕೈ ನಡುಗುತ್ತೆ ಅನ್ನೋರು, ಇರೋದು ಒಂದೇ ಪ್ರತಿ ಅನ್ನೋರು 20 ಸಾವಿರ ಎತ್ತಿಟ್ಟು ಲ್ಯಾಬಿಗೆ ಹೋಗೋದೇ ಒಳ್ಳೇದು.

ಎರಡು ಅಧ್ಯಾಯ ಮಾತ್ರ ಪೂರ್ತಿ ಬರ್ಲಿಲ್ಲ, ತೆರೆದ್ರೆ ಅರ್ಧಕ್ಕೇ ನಿಲ್ಲುತ್ತೆ. ಅದರಲ್ಲೊಂದು ಕೆರೆ ಕೋಡಿ ಬಿದ್ದ ವರ್ಷದ್ದು. ಅಪ್ಪ ಹಳೇ ನೋಟ್‌ಬುಕ್ ಹುಡುಕಿ ತೆಗ್ದು ಮತ್ತೆ ಟೈಪ್ ಮಾಡ್ತಿದಾರೆ, ಈ ಸಲ ಯೂನಿಕೋಡಲ್ಲಿ, ನಿನ್ನೆ ರಾತ್ರಿಗೆ 14ನೇ ಪುಟ.