ತಿಲಕವಾಡಿಯ ಅಜೈಲ್ ಕ್ಲಾಸ್: ಉದ್ಯಮಬಾಗದವರಿಗೆ ಎಷ್ಟು ಉಪಯೋಗ?

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಹೊಸ ಎರಕಗಳ ಪ್ಲ್ಯಾನಿಂಗ್ ನೋಡಿಕೊಳ್ಳುತ್ತೇನೆ. ಪಂಪ್ ಕೇಸಿಂಗ್, ವಾಲ್ವ್ ಬಾಡಿ ಇಂಥವು. ಡ್ರಾಯಿಂಗ್ ಕೈಗೆ ಬಂದಾಗಿನಿಂದ ಮೊದಲ ಸ್ಯಾಂಪಲ್ ಗಿರಾಕಿಗೆ ಮುಟ್ಟುವ ತನಕ ಹೊಣೆ ನನ್ನದು. ತಿಲಕವಾಡಿಯಲ್ಲಿ ಭಾನುವಾರ ನಡೆಯುವ ಅಜೈಲ್ ಕ್ಲಾಸಿಗೆ ಸೇರಿದ್ದು ಅದಕ್ಕೇ. ಅಜೈಲ್ ಎಂದರೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡು, ಗಿರಾಕಿಯನ್ನು ಕೇಳುತ್ತ, ತಿದ್ದುತ್ತ ಮುಂದೆ ಹೋಗುವ ರೀತಿ. ಫೀ 6,000 ರೂಪಾಯಿ. ನನಗಂತೂ ಹಣ ಹುಟ್ಟಿತು.

ಕಲಿಸುವ ಸರ್ ಕನ್ನಡದಲ್ಲೇ ಹೇಳುತ್ತಾರೆ, ಬೇಕಾದವರಿಗೆ ಮರಾಠಿಯಲ್ಲೂ ಬಿಡಿಸಿ ಹೇಳುತ್ತಾರೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಸ್ನೋಬರ್ಡ್‌ನಲ್ಲಿ 17 ಜನ ಸಾಫ್ಟ್‌ವೇರ್‌ನವರು ಕೂತು ಬರೆದ ಅಜೈಲ್ ಪ್ರಣಾಳಿಕೆಯಿಂದಲೇ ಪಾಠ ಶುರು. ಅದರಲ್ಲಿ, ಉದ್ದುದ್ದ ದಾಖಲೆಗಳಿಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಎಂಬ ಮಾತಿದೆ. ಕಾಗದಪತ್ರವೇ ಬೇಡ ಎಂದು ಅದನ್ನು ತಿಳಿದವರು ಬಹಳ. ದಾಖಲೆಗೂ ಬೆಲೆ ಇದೆ ಎಂದು ಅದೇ ಪ್ರಣಾಳಿಕೆ ಕೊನೆಗೆ ಹೇಳುತ್ತದೆ. ಸರ್ ಆ ಸಾಲನ್ನು ನಮ್ಮಿಂದಲೇ ಓದಿಸಿದರು. ಡ್ರಾಯಿಂಗಿನ ರಿವಿಜನ್ ನಂಬರ್ ತಪ್ಪಿದರೆ ಇಡೀ ಲಾಟ್ ಸ್ಕ್ರ್ಯಾಪ್‌ಗೆ ಹೋಗುವ ನಮ್ಮಂಥ ಕಡೆ ಇದನ್ನು ಒತ್ತಿ ಹೇಳಲೇಬೇಕು.

ಅಭ್ಯಾಸಕ್ಕೆ ಕೊಟ್ಟದ್ದು ಕಾಲೇಜು ಹಬ್ಬದ ಮೊಬೈಲ್ ಆ್ಯಪ್. ಕಾರ್ಖಾನೆಯಿಂದ ಬಂದವರಿಗೆ ಅದು ಹಿಡಿಸಲಿಲ್ಲ. ಹಾಗೆಂದು ಹೇಳಿದಾಗ ಸರ್ ಬೇಸರ ಮಾಡಿಕೊಳ್ಳದೆ, "ನಿಮ್ಮ ಕೆಲಸಾನೇ ತಗೊಂಡು ಬರ್ರಿ ಮೇಡಮ್ಮಾರ" ಅಂದರು. ಪ್ಯಾಟರ್ನ್, ಮೋಲ್ಡಿಂಗ್, ಫೆಟ್ಲಿಂಗ್, ಮಷಿನಿಂಗ್, ಇನ್‌ಸ್ಪೆಕ್ಷನ್ ಎಂದು ಗೋಡೆಯ ಮೇಲೆ ಪಟ್ಟಿ ಎಳೆದು, ನಡೆಯುತ್ತಿದ್ದ ಒಂದೊಂದು ಎರಕಕ್ಕೂ ಒಂದೊಂದು ಚೀಟಿ ಅಂಟಿಸಿದೆವು. ತಡವಾಗುವುದು ಮೋಲ್ಡಿಂಗ್‌ನಲ್ಲಿ ಎಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಚೀಟಿಗಳು ಗುಂಪುಗೂಡಿದ್ದು ಮಷಿನಿಂಗ್ ಮುಂದೆ. ಅಲ್ಲಿ ಒಂದು ಹೊತ್ತಿಗೆ 3 ಕ್ಕಿಂತ ಹೆಚ್ಚು ಸ್ಯಾಂಪಲ್ ಇರಕೂಡದು, ಜಾಗ ತೆರವಾದ ಮೇಲೇ ಹಿಂದಿನದು ಬರಬೇಕು ಎಂದು ಮಿತಿ ಹಾಕುವುದನ್ನು ಕಲಿಸಿದರು. ಟೊಯೋಟಾ ಕಾರ್ಖಾನೆಯಲ್ಲಿ ಹುಟ್ಟಿದ ಕಾನ್ಬಾನ್ ಪದ್ಧತಿಯ ಜೀವಾಳ ಇದು. ಈಗ ನಮ್ಮ ಶಾಪ್‌ನಲ್ಲೂ ಅದೇ ಬೋರ್ಡ್ ಇದೆ.

ಅಜೈಲ್‌ನ ಇನ್ನೊಂದು ಪದ್ಧತಿ ಸ್ಕ್ರಮ್: ಸಣ್ಣ ತಂಡ ಸಣ್ಣ ಅವಧಿಯ ಸುತ್ತುಗಳಲ್ಲಿ ಕೆಲಸ ಮಾಡಿ, ಸುತ್ತಿನ ಕೊನೆಗೆ ತೋರಿಸಿ ತಿದ್ದಿಕೊಳ್ಳುವುದು. ಅದರಲ್ಲಿ ದಿನಾ ನಡೆಸುವ ಸಭೆಯ ಬಗ್ಗೆ ನಮ್ಮ ಮೋಲ್ಡಿಂಗ್ ಮೇಸ್ತ್ರಿ, "ಅಕ್ಕಾರ, ದಿನಾ ನಿಂತು ಮಾತಾಡಿದ್ರ ಎರಕ ಯಾರು ಹೊಯ್ಯೋರು?" ಎಂದು ಕೇಳಿದ್ದರು. ಸರಿಯಾದ ಪ್ರಶ್ನೆ. ಸ್ಕ್ರಮ್‌ನಲ್ಲಿ ಆ ಸಭೆಗೆ 15 ನಿಮಿಷವಷ್ಟೇ. ಸಾಹೇಬರಿಗೆ ವರದಿ ಒಪ್ಪಿಸಲಿಕ್ಕಲ್ಲ, ಕೆಲಸ ಮಾಡುವವರು ಆ ದಿನದ ಕೆಲಸ ಹೊಂದಿಸಿಕೊಳ್ಳಲಿಕ್ಕೆ. ಇದನ್ನು ಸರ್ ಚೆನ್ನಾಗಿ ಬಿಡಿಸಿಟ್ಟರು.

ಕೊರತೆಗಳೂ ಇವೆ. ಹೆಚ್ಚಿನ ಭಾನುವಾರಗಳು ಸ್ಕ್ರಮ್‌ಗೇ ಹೋದವು, ಕಾನ್ಬಾನ್‌ಗೆ ಸಿಕ್ಕಿದ್ದು ಸ್ವಲ್ಪ. ಹೊಸ ಎರಕದ ಡಿಸೈನ್‌ಗೆ ಸ್ಕ್ರಮ್ ಒಪ್ಪುತ್ತದೆ, ಏಕೆಂದರೆ ಅಲ್ಲಿ ಗಿರಾಕಿಯನ್ನು ಕೇಳಿ ತಿದ್ದಬಹುದು. ಲೋಹ ಹೊಯ್ದ ಮೇಲೆ ತಿದ್ದುವುದೇನಿದೆ? ಶಾಪ್ ಫ್ಲೋರಿಗೆ ಕಾನ್ಬಾನೇ ಸರಿ. ಬ್ಯಾಚಿನ ಅರ್ಧಕ್ಕರ್ಧ ಜನ ಉದ್ಯಮಬಾಗದವರೇ ಇರುವಾಗ ಹಂಚಿಕೆ ಬದಲಾಗಬೇಕು.

ಕೊಟ್ಟ ನೋಟ್ಸ್ ಹಳೆಯದು. ಸ್ಕ್ರಮ್‌ನ ನಿಯಮಗಳ ಕಿರುಪುಸ್ತಕ 'ಸ್ಕ್ರಮ್ ಗೈಡ್' 2020ರಲ್ಲಿ ಪರಿಷ್ಕಾರವಾಗಿ 'ಪ್ರಾಡಕ್ಟ್ ಗೋಲ್' (ತಂಡ ಕೊನೆಗೆ ಮುಟ್ಟಬೇಕಾದ ಗುರಿ) ಸೇರಿತು, ನೋಟ್ಸ್‌ನಲ್ಲಿ ಅದಿಲ್ಲ. ಗೈಡ್ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಇರುವುದು 13 ಪುಟ. ಮೊದಲೇ ಓದಿಕೊಂಡು ಹೋಗಿ.

ಇನ್ನೊಂದು ವಿಷಯವನ್ನು ಫೀ ಕಟ್ಟುವಾಗಲೇ ಅವರು ಹೇಳಬೇಕಿತ್ತು. ಕೊನೆಗೆ ಕೊಡುವುದು ಕ್ಲಾಸಿನದೇ ಸರ್ಟಿಫಿಕೇಟ್. ಕೆಲಸದ ಅರ್ಜಿಗೆ ತೋರಿಸುವ ಪಿಎಸ್‌ಎಂ (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಸರ್ಟಿಫಿಕೇಟಿನ ಒಂದನೇ ಹಂತ ಬೇಕಿದ್ದವರು ಬೇರೆ ಹಣ ಕಟ್ಟಿ ಆನ್‌ಲೈನ್ ಪರೀಕ್ಷೆ ಬರೆಯಬೇಕು: 60 ನಿಮಿಷಕ್ಕೆ 80 ಪ್ರಶ್ನೆ, ಪಾಸಾಗಲು ಶೇ. 85. ಅದಕ್ಕೆ ಯಾವ ಕ್ಲಾಸಿಗೂ ಹೋಗಲೇಬೇಕೆಂಬ ನಿಯಮವಿಲ್ಲ. ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರು ಇದನ್ನು ತಿಳಿದೇ ಸೇರಬೇಕು.

ಕಾರ್ಖಾನೆಯವರು ಒಬ್ಬರೇ ಹೋಗಬೇಡಿ. ಮಷಿನಿಂಗ್ ಕಡೆಯ ಒಬ್ಬರನ್ನಾದರೂ ಕರೆದುಕೊಂಡು ಹೋಗಿ. ನಡೆಯುತ್ತಿರುವ ಒಂದು ಜಾಬ್‌ನ ಕಾಗದಗಳೂ ಕೈಯಲ್ಲಿರಲಿ.