ಯಾರೂ ಇಸ್ತ್ರಿ ಹಾಕದ ಲಾಂಡ್ರಿ

412 ಪುಟದ ಇಂಗ್ಲಿಷ್ ಕಾದಂಬರಿ, 599 ರೂಪಾಯಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಾಂಡ್ರಿ ಇಟ್ಟ ಚೀನೀ ಕುಟುಂಬದ ಮೂರು ತಲೆಮಾರಿನ ಕತೆಯಂತೆ. ಅಷ್ಟೂ ಪುಟಗಳಲ್ಲಿ ಒಬ್ಬರೂ ಒಂದು ಅಂಗಿಗೆ ನೆಟ್ಟಗೆ ಇಸ್ತ್ರಿ ಹಾಕುವುದಿಲ್ಲ. ಅಜ್ಜಿ ಅಳುತ್ತಾಳೆ, ಮಗಳು ಮೀನು ಬೇಯಿಸುತ್ತಾಳೆ, ಮೊಮ್ಮಗಳು ಕಿಟಕಿಯಾಚೆ ನೋಡುತ್ತಾಳೆ. ಹೆಸರು ಹೇಳಿ ಪುಕ್ಕಟೆ ಪ್ರಚಾರ ಕೊಡಲು ಮನಸ್ಸಿಲ್ಲ. ರಟ್ಟಿನ ಮೇಲೆ ಕೆಂಪು ಲಾಟೀನಿದೆ, ಕಂಡರೆ ಗೊತ್ತಾಗುತ್ತದೆ.

ನಾನು ಗೋಣಿಕೊಪ್ಪದ ಹತ್ತಿರ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಗುಮಾಸ್ತ. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದು, ವಾರದ ಬಟವಾಡೆ ಮಾಡುವುದು ನನ್ನ ಕೆಲಸ. ದುಡಿಯುವವರ ಕತೆ ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಲೆಕ್ಕಕ್ಕೆ. ಅಂಗಿಗೆ ಎಷ್ಟು ಸಿಗುತ್ತಿತ್ತು, ಊರಿಗೆ ಎಷ್ಟು ಕಳಿಸುತ್ತಿದ್ದರು, ಹಡಗಿನ ಟಿಕೆಟ್ಟಿಗೆ ಸಾಲ ಕೊಟ್ಟವರು ಯಾರು? ಒಂದೂ ಇಲ್ಲ. ಜಗಳವೆಲ್ಲ ಊಟದ ಮೇಜಿನಲ್ಲಿ ರಾಜಿಯಾಗುತ್ತದೆ. ನಮ್ಮಲ್ಲಿ ಪಂದಿಕರಿ ಉಂಡು ಬೇಲಿ ತಕರಾರು ಬಗೆಹರಿದದ್ದನ್ನು ನಾನಂತೂ ಕಂಡಿಲ್ಲ.

ಸಿಟ್ಟು ಬಂದದ್ದು ಮಾತ್ರ ‘ಕಾಗದದ ಮಗ’ನ, ಅಂದರೆ ಕಾಗದದಲ್ಲಷ್ಟೇ ಮಗನಾದವನ ವಿಷಯದಲ್ಲಿ. 1882ರ ಕಾನೂನು ಚೀನೀ ಕೂಲಿಗಳಿಗೆ ಅಮೆರಿಕದ ಬಾಗಿಲು ಮುಚ್ಚಿತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ಅಲ್ಲೇ ಹುಟ್ಟಿದವರಿಗೂ ಅವರ ಮಕ್ಕಳಿಗೂ ಆ ಕಾನೂನು ಅಡ್ಡಬರುತ್ತಿರಲಿಲ್ಲ. ಅದೇ ಸಂದಿನಲ್ಲಿ ಎಷ್ಟೋ ಜನ ‘ನಾನು ಇಲ್ಲೇ ಹುಟ್ಟಿದವನು, ಚೀನಾದಲ್ಲಿ ನನಗೆ ಇಷ್ಟು ಗಂಡುಮಕ್ಕಳು’ ಎಂದು ಬರೆಸಿದರು. ಇಲ್ಲದ ಆ ಮಕ್ಕಳ ಹೆಸರನ್ನು ದುಡ್ಡು ಕೊಟ್ಟು ಕೊಂಡು ಬೇರೆ ಹುಡುಗರು ಹಡಗು ಹತ್ತಿದರು. 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಅಧಿಕಾರಿಗಳು ಅವರನ್ನು ಕೂಡಿಹಾಕಿ ಕೇಳುತ್ತಿದ್ದರು: ಮನೆಗೆ ಮೆಟ್ಟಿಲೆಷ್ಟು, ಅಕ್ಕಿ ಎಲ್ಲಿಡುತ್ತೀರಿ, ಪಕ್ಕದ ಮನೆಯವರು ಯಾರು? ಹುಡುಗರು ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿ, ಬರೆದ ಕಾಗದವನ್ನು ದಾರಿಯಲ್ಲೇ ಸಮುದ್ರಕ್ಕೆ ಎಸೆಯುತ್ತಿದ್ದರು.

ಕಾದಂಬರಿಯ ಅಜ್ಜ ಹೀಗೆ ಬಂದವನೇ. ಲೇಖಕಿ ಅದನ್ನು ಒಂದೂವರೆ ಪುಟದಲ್ಲಿ ಮುಗಿಸಿ ಮೊಮ್ಮಗಳ ಪ್ರೇಮ ಪ್ರಕರಣಕ್ಕೆ ಓಡುತ್ತಾರೆ! ಇನ್ನೊಬ್ಬನ ಹೆಸರಲ್ಲಿ ಜೀವನವಿಡೀ ಬದುಕಿದವನು ಸ್ವಂತ ತಮ್ಮನನ್ನು ಬೀದಿಯಲ್ಲಿ ಕಂಡರೆ ಏನೆಂದು ಕರೆಯಬೇಕು? ಗೋರಿಯ ಮೇಲೆ ಯಾವ ಹೆಸರು ಕೆತ್ತಿಸಬೇಕು? ನಮ್ಮ ತೋಟದ ಆಳುಗಳ ಲೈನ್‌ಮನೆಗೆ ಅಸ್ಸಾಮಿನಿಂದ ಬರುವ ಹುಡುಗರಿಗೆ ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯವರು ಕರೆಯುವುದು ಇನ್ನೊಂದು. ಬಟವಾಡೆಗೆ ಕಾರ್ಡಿನ ಹೆಸರು ಕೂಗಿದರೆ ಕೆಲವರು ಅರೆಕ್ಷಣ ತಡವಾಗಿ ತಿರುಗುತ್ತಾರೆ. ಅವರದ್ದು ಬರೀ ಅಡ್ಡಹೆಸರಿನ ಗೊಂದಲ. ಸುಳ್ಳು ಹೆಸರನ್ನೇ ಹೊತ್ತ ಅಜ್ಜ ಮಾತ್ರ ಈ ಪುಸ್ತಕದಲ್ಲಿ ಒಂದು ಸಲವೂ ತಡವರಿಸುವುದಿಲ್ಲ.

ಇಂಗ್ಲಿಷ್ ನಯವಾಗಿದೆ, ಅಚ್ಚು ಚೆನ್ನಾಗಿದೆ. ಇಪ್ಪತ್ತನೆಯ ಅಧ್ಯಾಯವನ್ನಂತೂ ಎರಡು ಸಲ ಓದಿದೆ. ಚೀನಾದಲ್ಲೇ ಉಳಿದ ಅಜ್ಜಿಯ ತಮ್ಮ ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕಿ, 1953ರಲ್ಲಿ ಊರಿಗೋ ತೈವಾನಿಗೋ ಎಂದು ತೀರ್ಮಾನಿಸಬೇಕಾಗುತ್ತದೆ. ಅಲ್ಲಿ ಅಳು ಇಲ್ಲ, ಅಡುಗೆ ಇಲ್ಲ. ಒಬ್ಬ ಮನುಷ್ಯ ಕೂತು ಲೆಕ್ಕ ಹಾಕುತ್ತಾನೆ. ಆದರೆ ಊರಿಗೆ ಮರಳಲು ಒಪ್ಪದ ಅಂಥ ಕೈದಿಗಳನ್ನು ನೋಡಿಕೊಂಡ ಆಯೋಗದ ಅಧ್ಯಕ್ಷರು ಪುಸ್ತಕದಲ್ಲಿ ಬರೀ ‘ಒಬ್ಬ ಭಾರತೀಯ ಜನರಲ್’. ನಮ್ಮ ಮಡಿಕೇರಿಯ ತಿಮ್ಮಯ್ಯನವರು ಸ್ವಾಮಿ! ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ. 599 ರೂಪಾಯಿ ಉಳಿಸಿಕೊಂಡು ಅಲ್ಲಿಗೆ ಹೋಗಿಬನ್ನಿ. ಆ ಅಧ್ಯಾಯ ಓದಲೇಬೇಕೆಂದರೆ ನನ್ನ ಪ್ರತಿ ಕೊಡುತ್ತೇನೆ, ವಾಪಸ್ ಕೊಡುವುದು ಬೇಡ.