ಕೋಸ್ಟಾ ದೆಲ್ ಸೋಲ್‌ಗೆ ಮಕ್ಕಳ ಜೊತೆ ಹೋಗುವವರೇ, ಮನೆ ಕರಾರಿಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಸ್ಪೇನಿನ ಕಡಲತೀರಕ್ಕೆ ಸಂಸಾರ ಸಮೇತ ಹೋಗಿ ನೆಲೆಸಲು ಯೋಚಿಸುತ್ತಿರುವವರು, ಅದರಲ್ಲೂ ಚಿಕ್ಕ ಮಕ್ಕಳಿರುವವರು, ದಯವಿಟ್ಟು ಹಣ ಕಳಿಸುವ ಮೊದಲು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಇಷ್ಟು ದಿನ ನೆಂಟರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಕೇಳಿದವರಿಗೆಲ್ಲ "ಚೆನ್ನಾಗಿದ್ದೇವೆ, ಬಿಸಿಲು ಚೆನ್ನಾಗಿದೆ" ಅಂತ ಫೋಟೊ ಕಳಿಸುತ್ತಿದ್ದೆ. ಆದರೆ ನಮಗೆ ಹೇಳಿದ ಮಾತನ್ನೇ ಆ ಏಜೆನ್ಸಿಯವರು ಈಗ ಇನ್ನೊಂದು ಕುಟುಂಬಕ್ಕೂ ಹೇಳುತ್ತಿದ್ದಾರೆ ಅಂತ ಗೊತ್ತಾಯಿತು. ಆ ಮನೆಯಲ್ಲೂ ಎರಡು ಪುಟ್ಟ ಮಕ್ಕಳಿವೆ. ಇನ್ನು ಸುಮ್ನಿರಲು ಆಗಲ್ಲ.

ನನ್ನ ಗಂಡ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು. 2022ರಲ್ಲಿ ಸ್ಪೇನ್ 28/2022 ಅನ್ನುವ ಕಾನೂನು ತಂದಿತಲ್ಲ, ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಡಿಜಿಟಲ್ ನೋಮ್ಯಾಡ್ ವೀಸಾ ಅಂತ, ಅದರಲ್ಲೇ ನಾವು ಹೋಗಿದ್ದು. ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು ಆದಾಯ ತೋರಿಸಬೇಕು. ಕುಟುಂಬದ ಮೊದಲ ಸದಸ್ಯರಿಗೆ ಅದೇ ವೇತನದ ಶೇಕಡಾ 75, ಆಮೇಲೆ ಒಬ್ಬೊಬ್ಬರಿಗೂ ಶೇಕಡಾ 25 ಸೇರಿಸಬೇಕು. ಅದೆಲ್ಲ ಸರಿಯಾಗಿಯೇ ಆಯಿತು. ಮದುವೆ ಪತ್ರ, ಮಕ್ಕಳ ಜನನ ಪತ್ರಗಳಿಗೆ ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ಪತ್ರ ನಡೆಯಲು ಬೇಕಾದ ಸರ್ಕಾರಿ ದೃಢೀಕರಣ, ಮಾಡಿಸಿ, ಸ್ಪ್ಯಾನಿಷ್‌ಗೆ ಅಧಿಕೃತ ಅನುವಾದವನ್ನೂ ಮಾಡಿಸಿದೆವು. ವೀಸಾ ಬಂತು. ಅದರಲ್ಲಿ ನನ್ನ ತಕರಾರಿಲ್ಲ.

ತಕರಾರಿರುವುದು ಮನೆಯ ವಿಷಯದಲ್ಲಿ.

ಏಜೆನ್ಸಿಯ ಹೆಸರು ಇಲ್ಲಿ ಹಾಕುವುದಿಲ್ಲ. "ಫ್ಯಾಮಿಲಿ ಪ್ಯಾಕೇಜ್" ಅಂತ ಅವರದ್ದು. ಮನೆ, ಶಾಲೆ, ನಗರಸಭೆಯ ನೋಂದಣಿ, ಪೊಲೀಸ್ ಕಚೇರಿಯ ಗುರುತಿನ ಕಾರ್ಡು, ಎಲ್ಲ ಅವರೇ ಮಾಡಿಕೊಡುತ್ತೇವೆ ಅಂದರು. ಶುಲ್ಕ 2,500 ಯೂರೊ. ಮಾತಾಡಿದವರು ಕನ್ನಡದವರೇ. "ಮೇಡಂ, ನೀವು ಸೂಟ್‌ಕೇಸ್ ಹಿಡ್ಕೊಂಡು ಬನ್ನಿ ಸಾಕು, ಮಿಕ್ಕಿದ್ದು ನಮಗೆ ಬಿಡಿ" ಅಂದರು. ಬೇರೆ ದೇಶ, ಬೇರೆ ಭಾಷೆ, ಕಂಕುಳಲ್ಲಿ ಮಗು. ಅಂಥ ಹೊತ್ತಲ್ಲಿ ನಮ್ಮ ಭಾಷೆಯಲ್ಲಿ ಯಾರಾದರೂ ಹೀಗೆ ಹೇಳಿದರೆ ಎಷ್ಟು ಧೈರ್ಯ ಬರುತ್ತೆ ಅಂತ ನಿಮಗೂ ಗೊತ್ತು ಅಲ್ವಾ. ಆ ಧೈರ್ಯವನ್ನೇ ಅವರು ಬಳಸಿಕೊಂಡಿದ್ದು. ಇದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

ಮನೆ ಬೆನಾಲ್ಮಾದೆನಾದಲ್ಲಿ. ಮಾಲಗಾದಿಂದ ಫುಎನ್‌ಹಿರೋಲಾಗೆ ಹೋಗುವ ಸಿ-1 ಲೋಕಲ್ ರೈಲು ಹತ್ತಿರ, ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ. ತಿಂಗಳಿಗೆ 1,400 ಯೂರೊ ಬಾಡಿಗೆ. ಎರಡು ತಿಂಗಳ ಠೇವಣಿ, ಆರು ತಿಂಗಳ ಬಾಡಿಗೆ ಮುಂಗಡ, ಒಂದು ತಿಂಗಳ ಬಾಡಿಗೆಯಷ್ಟು ದಲ್ಲಾಳಿ ಶುಲ್ಕ. ಒಟ್ಟು 12,600 ಯೂರೊ, ಪ್ಯಾಕೇಜ್ ದುಡ್ಡು ಬೇರೆ. ಇಷ್ಟು ಜಾಸ್ತಿ ಯಾಕೆ ಅಂತ ಗಂಡ ಕೇಳಿದರು. "ಸರ್, ಹೊರಗಿನವರಿಗೆ ಅಲ್ಲಿ ಯಾರೂ ಮನೆ ಕೊಡಲ್ಲ, ನಿಮಗೆ ಅಲ್ಲಿನ ಸಂಬಳದ ಚೀಟಿ ಇಲ್ಲ, ಇದು ಅಲ್ಲಿನ ಪದ್ಧತಿ" ಅಂತ ಉತ್ತರ ಬಂತು. ಕರಾರು ಸ್ಪ್ಯಾನಿಷ್‌ನಲ್ಲಿತ್ತು. ಅದರಲ್ಲಿ ಏನಿದೆ ಅಂತ ಕೇಳಿದೆವು, ಬಾಯಿಮಾತು ಬೇಡ, ಬರೆದು ಕೊಡಿ ಅಂದೆವು. ಎರಡು ಪುಟದ ಇಂಗ್ಲಿಷ್ ಬರಹ ಕಳಿಸಿದರು. ಬಾಡಿಗೆ, ಠೇವಣಿ, ನೀರು, ಕರೆಂಟು, ಸಾಕುಪ್ರಾಣಿ ಇರಬಾರದು, ಎಲ್ಲ ಇತ್ತು. ಓದಿ, ಸಹಿ ಹಾಕಿ, ದುಡ್ಡು ಕಳಿಸಿದೆವು.

ಆಗಸ್ಟ್ ಕೊನೆಗೆ ಬಂದಿಳಿದೆವು. ಮನೆ ಫೋಟೊದಲ್ಲಿ ಇದ್ದ ಹಾಗೇ ಇತ್ತು. ಮಕ್ಕಳು ಸಮುದ್ರ ನೋಡಿ ಕುಣಿದರು. ಏಜೆನ್ಸಿಯವರಿಗೆ ಥ್ಯಾಂಕ್ಸ್ ಅಂತ ಮೆಸೇಜ್ ಕೂಡ ಹಾಕಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸ್ಪೇನಿನಲ್ಲಿ ಮೊದಲು ಆಗಬೇಕಾದ ಕೆಲಸ ಪಾದ್ರೋನ್. ನೀವು ಯಾವ ಊರಲ್ಲಿ ವಾಸ ಮಾಡುತ್ತೀರೋ ಆ ಊರಿನ ಆಯುಂತಾಮಿಯೆಂತೊ, ಅಂದರೆ ನಗರಸಭೆಯಲ್ಲಿ ಹೆಸರು ಬರೆಸಬೇಕು. ಅದು ಕಾನೂನೇ. ಮಕ್ಕಳ ಶಾಲೆ, ಸರ್ಕಾರಿ ಆರೋಗ್ಯ ಕೇಂದ್ರ, ಎಲ್ಲದಕ್ಕೂ ಮೊದಲು ಕೇಳುವುದು ಅದನ್ನೇ. ಏಜೆನ್ಸಿಯ ಮನುಷ್ಯ ಜೊತೆಗೆ ಬರುತ್ತೇನೆ ಅಂದಿದ್ದರು, ಆ ಬೆಳಗ್ಗೆ ಫೋನೇ ಎತ್ತಲಿಲ್ಲ. ನಾವೇ ಮಕ್ಕಳನ್ನು ಕರೆದುಕೊಂಡು ಹೋದೆವು.

ಕೌಂಟರಿನಲ್ಲಿ ಕೂತ ಹೆಂಗಸು ತುಂಬ ಒಳ್ಳೆಯವರು. ಮಗಳಿಗೆ ಕೈ ಬೀಸಿ ನಕ್ಕರು. ಪಾಸ್‌ಪೋರ್ಟ್ ನೋಡಿದರು, ಜನನ ಪತ್ರ ನೋಡಿದರು, ಕರಾರು ತಿರುವಿದರು. ಒಂದು ಕಡೆ ನಿಂತುಬಿಟ್ಟರು. ನನ್ನ ಮುಖ ನೋಡಿದರು, ಮತ್ತೆ ಕಾಗದ ನೋಡಿದರು. ನನಗೆ ಭಾಷೆ ಬರಲ್ಲ ಅಂತ ಗೊತ್ತಾಗಿ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರು. ಈ ಮನೆ ರಜೆ ಕಳೆಯಲು ಕೊಟ್ಟಿದ್ದು ಅಂತ ಬರೆದಿದೆ. ನಿಮ್ಮ ಖಾಯಂ ಮನೆ ಬೇರೆ ಕಡೆ ಇದೆ ಅಂತ ನೀವೇ ಸಹಿ ಹಾಕಿದ್ದೀರಿ. ಈ ವಿಳಾಸದಲ್ಲಿ ಪಾದ್ರೋನ್ ಮಾಡಿಸುವುದಿಲ್ಲ ಅಂತಲೂ ಒಪ್ಪಿದ್ದೀರಿ. ಜೂನ್ 15ಕ್ಕೆ ಖಾಲಿ ಮಾಡಬೇಕು.

ಜೂನ್ 15! ನಮಗೆ ಹೇಳಿದ್ದು "ಒಂದು ವರ್ಷ, ಆಮೇಲೆ ಅದೇ ಮುಂದುವರಿಯುತ್ತೆ" ಅಂತ.

ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಮಗ "ಅಮ್ಮ ಏನಾಯ್ತು, ಅಮ್ಮ ಏನಾಯ್ತು" ಅಂತ ಸೆರಗು ಎಳೆಯುತ್ತಿದ್ದ. ಗಂಡ ಆ ಎರಡು ಪುಟದ ಇಂಗ್ಲಿಷ್ ಬರಹವನ್ನು ಕೌಂಟರಿನ ಮೇಲೆ ಇಟ್ಟು ಇದರಲ್ಲಿ ಹಾಗಿಲ್ಲ, ಇದರಲ್ಲಿ ಹಾಗಿಲ್ಲ ಅಂತ ತೋರಿಸುತ್ತಿದ್ದರು. ಆಕೆ ಏನು ಮಾಡಿಯಾರು ಪಾಪ. ಸಹಿ ಇರುವುದು ಸ್ಪ್ಯಾನಿಷ್ ಕಾಗದದ ಮೇಲೆ. ಮನೆಯ ಮಾಲೀಕರ ಒಪ್ಪಿಗೆ ಪತ್ರ ತಂದರೆ ಮಾಡಿಕೊಡುತ್ತೇನೆ ಅಂದರು. ಅಷ್ಟು ಜನರ ಮುಂದೆ, ಮಕ್ಕಳ ಮುಂದೆ, ಮುಖ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗಲಿಲ್ಲ.

ಹೊರಗೆ ಬಂದು ಫೋನ್ ಮಾಡಿದೆವು. ಆಗ ಎತ್ತಿದರು.

"ಮೇಡಂ, ಟೆನ್ಶನ್ ತಗೋಬೇಡಿ, ಅಲ್ಲಿ ಎಲ್ಲರೂ ಹೀಗೇ ಮಾಡೋದು."

ಇಂಗ್ಲಿಷ್ ಬರಹದಲ್ಲಿ ಈ ಸಾಲು ಯಾಕಿಲ್ಲ ಅಂತ ಕೇಳಿದೆ.

"ಅದು ಸಾರಾಂಶ ಮೇಡಂ. ಪೂರ್ತಿ ಅನುವಾದ ಅಂತ ನಾವೆಲ್ಲೂ ಹೇಳಿಲ್ಲ."

ಇನ್ನೊಮ್ಮೆ ಓದಿ ಈ ಉತ್ತರವನ್ನು. ಸಾಕುಪ್ರಾಣಿ ಇರಬಾರದು ಅನ್ನುವುದು ಸಾರಾಂಶದಲ್ಲಿ ಬರುತ್ತದೆ. ಈ ಮನೆಯಲ್ಲಿ ನೀವು ವಾಸವೇ ಇಲ್ಲ ಅಂತ ಬರೆದಿದ್ದೇವೆ ಅನ್ನುವುದು ಬರುವುದಿಲ್ಲ. ಮರೆತು ಬಿಟ್ಟಿದ್ದು ಅಂತ ನಾನು ಸಾಯುವ ತನಕ ನಂಬುವುದಿಲ್ಲ. ಮಾಲೀಕರಿಂದ ಪತ್ರ ಕೊಡಿಸಿ ಅಂದರೆ "ಮಾಲೀಕರು ಒಪ್ಪಲ್ಲ, ಬೀಚ್ ಹತ್ತಿರದ ಮನೆ ಕೇಳಿದ್ದು ನೀವೇ ಅಲ್ವಾ" ಅಂದರು. ತಪ್ಪು ನಮ್ಮದೇ ಅನ್ನೋ ಧಾಟಿ.

ಯಾಕೆ ಹೀಗೆ ಬರೆಯುತ್ತಾರೆ ಅಂತ ಆಮೇಲೆ ತಿಳಿಯಿತು. ಖಾಯಂ ವಾಸದ ಮನೆ ಅಂತ ಕರಾರು ಮಾಡಿದರೆ ಅಲ್ಲಿನ ಬಾಡಿಗೆ ಕಾನೂನು, 1994ರದ್ದು, ಬಾಡಿಗೆದಾರರ ಪರ ಇದೆ. ಕಾನೂನಿನ ಠೇವಣಿ ಒಂದೇ ತಿಂಗಳದ್ದು, ಅದರ ಮೇಲೆ ಹೆಚ್ಚಿನ ಭದ್ರತೆ ಕೇಳಿದರೂ ಅದು ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಇರುವ ಹಾಗಿಲ್ಲ. ಒಂದು ತಿಂಗಳಿಗಿಂತ ಹೆಚ್ಚು ಬಾಡಿಗೆ ಮುಂಗಡ ಬೇಕೇ ಬೇಕು ಅಂತ ಒತ್ತಾಯಿಸುವ ಹಾಗಿಲ್ಲ. ಬಾಡಿಗೆದಾರರು ಬೇಕೆಂದರೆ ಐದು ವರ್ಷದ ತನಕ ಇರಬಹುದು, ಮಾಲೀಕ ಕಂಪನಿಯಾದರೆ ಏಳು. ದಲ್ಲಾಳಿ ಶುಲ್ಕ 2023ರ ವಸತಿ ಕಾನೂನು ಬಂದ ಮೇಲೆ ಮಾಲೀಕರೇ ಕೊಡಬೇಕು. ಅದೇ "ತೆಂಪೊರಾದಾ", ಅಂದರೆ ಸೀಸನ್ ಕರಾರು ಅಂತ ಬರೆದುಬಿಟ್ಟರೆ ಇದರಲ್ಲಿ ಯಾವುದೂ ಬೇಡ. ಚಳಿಗಾಲದಲ್ಲಿ ನಮ್ಮಂಥವರಿಂದ ಬಾಡಿಗೆ, ಜುಲೈ ಆಗಸ್ಟಿನಲ್ಲಿ ಪ್ರವಾಸಿಗಳಿಂದ ಅದಕ್ಕಿಂತ ದೊಡ್ಡ ಬಾಡಿಗೆ. ನಿಜವಾಗಿ ರಜೆಗೋ ಸ್ವಲ್ಪ ದಿನದ ಕೆಲಸಕ್ಕೋ ಬರುವವರಿಗೆ ಈ ಕರಾರು ಸರಿಯೇ. ಮಕ್ಕಳನ್ನು ಶಾಲೆಗೆ ಸೇರಿಸಲು ಬರುವವರಿಗೆ ಗೊತ್ತಿದ್ದೂ ಗೊತ್ತಿದ್ದೂ ಇದನ್ನು ಅಂಟಿಸುವುದು ಮೋಸ. "ಅಲ್ಲಿನ ಪದ್ಧತಿ" ಅಂದರಲ್ಲ, ಪದ್ಧತಿಯಂತೆ!

ಕರಾರಿನ ತಲೆಬರಹ ಏನೇ ಇರಲಿ, ಮನೆ ನಿಜಕ್ಕೂ ಯಾವ ಉದ್ದೇಶಕ್ಕೆ ಕೊಟ್ಟಿದ್ದು ಅಂತ ಕೋರ್ಟು ನೋಡುತ್ತದೆ ಅಂತ ಅಲ್ಲಿನ ವಕೀಲರು ಹೇಳಿದರು. ಪಾದ್ರೋನ್ ಮಾಡಿಸಬಾರದು ಅನ್ನುವ ಷರತ್ತಿಗೆ ನಗರಸಭೆ ಮುಂದೆ ಬೆಲೆ ಇಲ್ಲ, ನೀವು ಅಲ್ಲಿ ವಾಸ ಇದ್ದೀರಿ ಅಂತ ಖಾತ್ರಿಯಾದರೆ ಅವರು ಹೆಸರು ಸೇರಿಸಬೇಕು ಅಂತಲೂ ಹೇಳಿದರು. ನಮ್ಮ ಹೆಸರು ಕೊನೆಗೆ ಸೇರಿದ್ದು ಹೀಗೇ, ಮನೆಗೆ ಬಂದು ಪರಿಶೀಲನೆ ಮಾಡಿದ ಮೇಲೆ. ಅಷ್ಟು ಹೊತ್ತಿಗೆ ಶಾಲೆ ಶುರುವಾಗಿ ಬಹಳ ದಿನ ಆಗಿತ್ತು.

ಶಾಲೆ ಕಥೆ ಇನ್ನೂ ಹೊಟ್ಟೆ ಉರಿಸುವಂಥದ್ದು. ಈ ಕಡಲತೀರ ಸೇರಿರುವ ಆಂಡಲೂಸಿಯಾ ಪ್ರಾಂತ್ಯದಲ್ಲಿ ಮುಂದಿನ ವರ್ಷದ ಪ್ರವೇಶ ಅರ್ಜಿ ಹಾಕುವುದು ಮಾರ್ಚ್‌ನಲ್ಲಿ. ಮನೆ ಶಾಲೆಗೆ ಹತ್ತಿರ ಇದ್ದರೆ ಸೀಟು ಹಂಚುವಾಗ ಅಂಕ ಜಾಸ್ತಿ. ಆರು ವರ್ಷದಿಂದ ಶಾಲೆ ಕಡ್ಡಾಯ, ಮೂರರಿಂದ ಆರರ ತನಕ ಕಡ್ಡಾಯ ಅಲ್ಲದಿದ್ದರೂ ಸರ್ಕಾರಿ ಶಾಲೆಯಲ್ಲಿ ಉಚಿತ. ಮಾರ್ಚ್ ದಾಟಿದ ಮೇಲೆ ಬಂದವರಿಗೆ ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ. ಇದನ್ನು ಏಜೆನ್ಸಿಯವರು ಒಮ್ಮೆಯೂ ಹೇಳಲಿಲ್ಲ. "ಸೆಪ್ಟೆಂಬರ್‌ಗೆ ಬನ್ನಿ, ಸೀಟು ರೆಡಿ ಇರುತ್ತೆ" ಅಂದಿದ್ದರು. ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ. ಅದನ್ನೇ ಅವರಿಗೆ ವಾಪಸ್ ಕಳಿಸಿದೆ. "ಪ್ಯಾಕೇಜಿನಲ್ಲಿ ಇರೋದು ಶಾಲೆ ಸಹಾಯ ಮೇಡಂ, ಶಾಲೆ ಸೀಟು ಅಲ್ಲ" ಅಂದರು. ಜೊತೆಗೇ ಒಂದು ಖಾಸಗಿ ಶಾಲೆಯ ಹಾಳೆ ಕಳಿಸಿ, ಬೇಕಾದರೆ ನಾಳೆಯೇ ಸೇರಿಸಬಹುದು ಅಂದರು. ಮಗ ಸೇರಿದ್ದು ಬಸ್ಸಿನಲ್ಲಿ ಹೋಗಬೇಕಾದ ಸರ್ಕಾರಿ ಶಾಲೆಗೆ. ಅಲ್ಲಿನ ಟೀಚರ್ ದೇವರಂಥವರು, ಆ ಮಾತು ಬೇರೆ.

ಇನ್ನೊಂದು, ಬಿಸಿಲಿನ ಊರು ಅಂತ ಬೇಸಿಗೆಯ ಮನೆಯಲ್ಲಿ ಚಳಿಗಾಲ ಕಳೆಯಬೇಡಿ. ಬೀಚಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಹೀಟರ್ ವ್ಯವಸ್ಥೆ ಇಲ್ಲ, ನೆಲ ತಣ್ಣಗೆ, ಗೋಡೆ ತೇವ. ಜನವರಿಯಲ್ಲಿ ಮಗಳಿಗೆ ಕೆಮ್ಮು ಬಿಡಲೇ ಇಲ್ಲ. ಕಟ್ಟಡದಲ್ಲಿ ಅಕ್ಕಪಕ್ಕ ಒಂದು ದೀಪ ಇಲ್ಲ, ಎಲ್ಲ ಬೇಸಿಗೆಗೆ ಬರುವವರ ಮನೆಗಳು.

ಈಗ ತೊರೆಮೊಲಿನೋಸ್‌ನಲ್ಲಿ, ಬೀಚಿನಿಂದ ಒಳಗೆ, ಮಾಮೂಲಿ ಜನ ಇರುವ ಬೀದಿಯಲ್ಲಿ ಮನೆ ಸಿಕ್ಕಿದೆ. "ವಿವಿಯೆಂದಾ ಹಬಿತುಆಲ್" ಅಂತ ಕರಾರಿನಲ್ಲಿ ಸ್ಪಷ್ಟವಾಗಿದೆ. ಖಾಯಂ ವಾಸದ ಮನೆ ಅಂತ. ಈ ಎರಡು ಪದ ಇಲ್ಲದ ಕರಾರಿಗೆ ಮಕ್ಕಳಿರುವವರು ಸಹಿ ಹಾಕಲೇಬೇಡಿ. ಸಾರಾಂಶ ನಂಬಬೇಡಿ, ಪೂರ್ತಿ ಅನುವಾದ ಮಾಡಿಸಿ, ಅದೂ ಏಜೆನ್ಸಿಯಿಂದ ಅಲ್ಲ. ಮನೆ ನಿಜಕ್ಕೂ ಯಾರ ಹೆಸರಲ್ಲಿದೆ ಅಂತ ಆಸ್ತಿ ನೋಂದಣಿ ಕಚೇರಿಯ "ನೋಟಾ ಸಿಂಪ್ಲೆ" ತೆಗೆಸಿ ನೋಡಿ, ಆನ್‌ಲೈನ್‌ನಲ್ಲಿ ಸಿಗುತ್ತದೆ, ಸುಮಾರು 9 ಯೂರೊ ಮತ್ತು ತೆರಿಗೆ. ಪಾದ್ರೋನ್‌ಗೆ ಅಭ್ಯಂತರ ಇಲ್ಲ ಅಂತ ಮಾಲೀಕರಿಂದ ಮೊದಲೇ ಬರೆಸಿಕೊಳ್ಳಿ. ಇನ್ನೊಂದು ಮುಖ್ಯ: ಪೊಲೀಸ್ ಕಚೇರಿಯ ಗುರುತಿನ ಕಾರ್ಡಿಗೆ ದೇಶಕ್ಕೆ ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಅದರ ಅಪಾಯಿಂಟ್‌ಮೆಂಟ್ ಬುಕ್ ಮಾಡಲು ಸರ್ಕಾರ ದುಡ್ಡು ಕೇಳುವುದಿಲ್ಲ. ನಮ್ಮಿಂದ ಅದಕ್ಕೂ ಬೇರೆಯಾಗಿ ತೆಗೆದುಕೊಂಡರು.

ಹಳೆಯ ಮನೆಯ ಠೇವಣಿ 2,800 ಯೂರೊ ಇನ್ನೂ ಬಂದಿಲ್ಲ. ಗೋಡೆ ತೇವಕ್ಕೆ ನಾವು ಬಟ್ಟೆ ಒಣಗಿಸಿದ್ದೇ ಕಾರಣವಂತೆ. ಅಂಗಡಿ, ಕಚೇರಿ ಯಾವುದೇ ಆದರೂ ಆಂಡಲೂಸಿಯಾದಲ್ಲಿ ದೂರಿನ ಹಾಳೆ ಇಟ್ಟಿರಬೇಕು, ಕೇಳಿದರೆ ಕೊಡಬೇಕು. ಈ ಏಜೆನ್ಸಿಗೆ ಸ್ಪೇನಿನಲ್ಲಿ ಕಚೇರಿಯೇ ಇಲ್ಲ! "ನಾವು ಬರೀ ಕೋಆರ್ಡಿನೇಟ್ ಮಾಡೋರು, ಕರಾರು ನಿಮ್ಮ ಮತ್ತು ಮಾಲೀಕರ ನಡುವೆ" ಅಂತ ಕೈ ತೊಳೆದುಕೊಂಡರು. ಹಾಗಾಗಿ ಮಾಲೀಕರಿಗೇ ಅಂಚೆ ಕಚೇರಿಯಿಂದ ಬುರೋಫ್ಯಾಕ್ಸ್ ಕಳಿಸಿದ್ದೇವೆ. ಏನು ಬರೆದಿದ್ದೇವೆ, ಯಾವಾಗ ತಲುಪಿತು ಅನ್ನುವುದಕ್ಕೆ ಅದು ಪುರಾವೆ. ಬೀಗದ ಕೈ ಕೊಟ್ಟು ಒಂದು ತಿಂಗಳು ದಾಟಿದರೆ ವಾಪಸ್ ಬರಬೇಕಾದ ಠೇವಣಿಗೆ ಬಡ್ಡಿಯೂ ಸೇರುತ್ತದೆ. ಬುರೋಫ್ಯಾಕ್ಸ್ ತಲುಪಿದ ಮೇಲೆ, ಅಷ್ಟು ದಿನ ಫೋನ್ ಎತ್ತದ ಏಜೆನ್ಸಿಯ ಮನುಷ್ಯ ತಾನಾಗಿಯೇ ಮೆಸೇಜ್ ಹಾಕಿದರು. "ಮೇಡಂ, ಇದೆಲ್ಲ ಯಾಕೆ, ನಮ್ಮವರು ನಮ್ಮವರು ಕೂತು ಮಾತಾಡಿ ಮುಗಿಸೋಣ." ಹೇಳುವುದೇನಿದ್ದರೂ ಬರೆದು ಕಳಿಸಿ, ವಕೀಲರಿಗೂ ಒಂದು ಪ್ರತಿ ಹಾಕಿ ಅಂತ ಉತ್ತರ ಕೊಟ್ಟಿದ್ದೇನೆ.